ಗುರುವಾರದೊಳಗೆ ಏಳುನೂರ ಮೂವತ್ತು ದಿನ

ಅವರಿಬ್ಬರು ನನ್ನ ಅಂಗಡಿಗೆ ಬಂದಿದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ. ಅಂಗಡಿ ಅಂದರೆ ಹೊಸೂರಿನ ಪಕ್ಕದ ಮತ್ತಿಗಿರಿಯ ಬಸ್ ಸ್ಟಾಪಿನ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದ ಒಂದೇ ಕೋಣೆ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಮೂರು ಕುರ್ಚಿ. ಪಾಸ್‌ಪೋರ್ಟು, ವೀಸಾ, ಹೊರದೇಶದಲ್ಲಿರುವವರ ಕಾಗದಪತ್ರಗಳ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಒಳಗೆ ಬಂದವಳು ಮೂವತ್ತೈದರ ಆಸುಪಾಸಿನ ಹೆಂಗಸು, ಅವಳ ಹಿಂದೆ ಅವಳ ಅಣ್ಣ. ಪಾಸ್‌ಪೋರ್ಟು ಅವಳದು, ಆದರೆ ಅದು ಇದ್ದದ್ದು ಅವನ ಅಂಗಿಯ ಜೇಬಿನಲ್ಲಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ನಾನು ಹುಟ್ಟಾ ಅನುಮಾನದ ಹೆಂಗಸು. ಮನೆಯಲ್ಲೂ ನನ್ನ ಮೇಲೆ ಈ ದೂರಿದೆ. ತರಕಾರಿಯವಳು ತಕ್ಕಡಿ ಎತ್ತಿದರೆ ಎಲ್ಲರೂ ಮುಳ್ಳು ನೋಡುತ್ತಾರೆ, ನಾನು ಅವಳ ಬೆರಳು ನೋಡುತ್ತೇನೆ. ಈ ಗುಣದಿಂದ ನೆಂಟರಿಷ್ಟರ ಜೊತೆ ಮನಸ್ತಾಪ ಆಗಿದ್ದುಂಟು, ಆದರೆ ಕೆಲಸದಲ್ಲಿ ಅದು ನನ್ನನ್ನು ಒಂದೆರಡು ಸಲ ಕಾಪಾಡಿದೆ.

"ನಮ್ಮ ತಂಗಿ ಮೇಡಂ, ಕೆನಡಾದಾಗವ್ಳೆ. ಪಿಆರು. ಅವಳ ಕಾರ್ಡು ಕಳ್ದೋಗ್ಬುಟ್ಟೈತೆ" ಅಂದ ಅಣ್ಣ, ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು. "ಬಸ್ಸಲ್ಲಿ ಬಿದ್ದೋಯ್ತು. ಪೋಲೀಸರ ಚೀಟಿನೂ ತಂದಿವ್ನಿ. ಬೇರೆ ಏನೋ ಕಾಗದ ಕೊಡ್ತಾರಂತಲ್ಲ, ಅದುನ್ನ ಮಾಡ್ಕೊಡಿ."

"ಅವಳ ಕಾರ್ಡು, ಅವಳೇ ಹೇಳ್ಲಿ ಬಿಡಪ್ಪ" ಅಂದೆ. ಅವಳು ತಲೆ ಎತ್ತಿ, "ಹೂಂ ಅಕ್ಕ, ಅಣ್ಣ ಹೇಳಿದ್ದೇಯ" ಅಂದಳು.

ಅವಳ ಸಂಗತಿ ಇಷ್ಟು. ಕೆನಡಾದಲ್ಲಿ ಅವಳಿಗೆ ಕಾಯಂ ವಾಸದ ಹಕ್ಕಿದೆ, ಪಿಆರ್ ಅನ್ನುವುದು ಅದನ್ನೇ; ಪೌರತ್ವ ಇಲ್ಲ. ಪಾಸ್‌ಪೋರ್ಟು ನಮ್ಮ ದೇಶದ್ದೇ. ಅಂಥವರು ಊರಿಗೆ ಬಂದು ವಾಪಸು ಹೋಗುವಾಗ ವಿಮಾನದವರಿಗೆ ಪಿಆರ್ ಕಾರ್ಡ್ ತೋರಿಸಬೇಕು. ಅದಿಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ. ಕಾರ್ಡು ಕಳೆದರೆ, ಒಂದೇ ಒಂದು ಸಲ ಒಳಗೆ ಬರಲು ಅನುಮತಿ ಕೊಡುವ ಪ್ರಯಾಣದ ದಾಖಲೆಯೊಂದಕ್ಕೆ ಇಲ್ಲಿಂದಲೇ ಅರ್ಜಿ ಹಾಕಬೇಕು. ಅವಳ ಗಂಡ ಅಲ್ಲಿ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಆರು ವರ್ಷದ ಮಗಳು ಅವನ ಜೊತೆ. ತೊರಪಲ್ಲಿ ಅಗ್ರಹಾರದ ಕಡೆಯ ತನ್ನ ಹಳ್ಳಿಯಲ್ಲಿ ಲಕ್ವ ಹೊಡೆದು ಮಲಗಿದ್ದ ಅಪ್ಪನನ್ನು ನೋಡಿಕೊಳ್ಳಲು ಇವಳು ಬಂದು ಏಳು ತಿಂಗಳಾಗಿತ್ತು. ಅಪ್ಪ ತೀರಿಕೊಂಡು ನಲವತ್ತು ದಿನ. ತಾಯಿ ಮೊದಲೇ ಇಲ್ಲ. ಟಿಕೆಟ್ಟು ಬರುವ ವಾರ ಶುಕ್ರವಾರಕ್ಕೆ.

"ಮಗಳು ಈಗೀಗ ಫೋನಿಗೂ ಬರಾಕಿಲ್ಲ ಅಂತಾಳಕ್ಕ. ಅಮ್ಮ ಬತ್ತೀನಿ ಬತ್ತೀನಿ ಅಂತ ಸುಳ್ಳು ಹೇಳ್ತಾಳೆ ಅಂತ ಅವರಪ್ಪನ್ನತ್ರ ಹೇಳ್ತಂತೆ" ಅಂದಳು. ಅಷ್ಟು ಹೇಳುವಾಗ ಮಾತ್ರ ಅವಳ ದನಿ ನಿಜವಾದ ದನಿಯಂತೆ ಕೇಳಿಸಿತು.

ನಾನು ಪಾಸ್‌ಪೋರ್ಟ್ ತಿರುವಿ ಹಾಕಲು ಕೂತೆ. ಈ ಅರ್ಜಿಯಲ್ಲಿ ಕಾರ್ಡಿಗಿಂತ ದೊಡ್ಡ ತೊಡಕು ಬೇರೆಯೇ ಇದೆ. ಹಿಂದಿನ ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನವಾದರೂ ಆ ದೇಶದಲ್ಲಿ ಇದ್ದಿರಬೇಕು. ಕೈಯಲ್ಲಿ ಕಾರ್ಡಿದ್ದರೆ ವಿಮಾನ ಹತ್ತಿ ಹೋಗಿಬಿಡಬಹುದು, ಕೇಳಿದರೆ ಅಲ್ಲಿ ಇಳಿದ ಮೇಲೆ ಕೇಳಬಹುದು. ಕಾರ್ಡಿಲ್ಲದೆ ದಾಖಲೆ ಕೇಳಿದಿರೋ, ಅಧಿಕಾರಿ ಮೊದಲು ಮಾಡುವ ಕೆಲಸವೇ ದಿನ ಎಣಿಸುವುದು. ಒಂದು ದಿನ ಕಡಿಮೆ ಬಿದ್ದರೂ ದಾಖಲೆ ನಿರಾಕರಿಸಬಹುದು, ಅದರ ಜೊತೆಗೆ ವಾಸದ ಹಕ್ಕೂ ಹೋಗಬಹುದು. ಮನೆಯ ಕಷ್ಟ ಸುಖ ಬರೆದು ವಿನಾಯಿತಿ ಕೇಳಲು ದಾರಿಯಿದೆ, ಅದು ಅಧಿಕಾರಿಯ ಮರ್ಜಿ.

ಇವಳು ಅಲ್ಲಿಗೆ ಕಾಲಿಟ್ಟು ಐದು ವರ್ಷ ಒಂದು ತಿಂಗಳಾಗಿತ್ತು. ಕಾರ್ಡು ಕೈಗೆ ಬಂದದ್ದು ತಡವಾಗಿ, ಹಾಗಾಗಿ ಅದರ ಗಡುವು ಇನ್ನೂ ಎರಡು ತಿಂಗಳಿತ್ತು. ಅಪ್ಪನಿಗೆ ಮೊದಲ ಸಲ ಲಕ್ವ ಹೊಡೆದಾಗ ಬಂದು ಒಂದು ವರ್ಷ ನಾಲ್ಕು ತಿಂಗಳು ಇದ್ದಳು. ಎರಡನೆಯ ಸಲ ಒಂದು ವರ್ಷದ ಮೇಲೆ. ಆಗೆಲ್ಲ ಮಗಳು ಜೊತೆಗಿದ್ದಳು. ಈ ಸಲ ಸ್ಕೂಲು ಅಂತ ಬಿಟ್ಟು ಬಂದಿದ್ದಳು. ಅವಳು ತನ್ನ ನೋಟ್‌ಬುಕ್ಕಿನಲ್ಲಿ ಏಳುನೂರ ಐವತ್ತು ದಿನ ಅಂತ ಬರೆದಿಟ್ಟುಕೊಂಡಿದ್ದಳು. ನಾನು ಮೊಹರುಗಳನ್ನು ಹಿಡಿದು ಎಣಿಸಿದೆ. ಏಳುನೂರ ಮೂವತ್ತು ಬಂತು. ಮತ್ತೆ ಎಣಿಸಿದೆ, ಅಷ್ಟೇ.

ಆಗ ನನಗೆ ಇನ್ನೊಂದು ಹೊಳೆಯಿತು. ಲೆಕ್ಕ ಅರ್ಜಿ ತಲುಪಿದ ದಿನದಿಂದ ಹಿಂದಕ್ಕೆ ಐದು ವರ್ಷ. ಐದು ವರ್ಷದ ಹಿಂದೆ ಇದೇ ದಿನಗಳಲ್ಲಿ ಅವಳು ಅಲ್ಲಿದ್ದಳು, ಈಗ ಇಲ್ಲಿದ್ದಾಳೆ. ಅಂದರೆ ಅವಳು ಇಲ್ಲಿ ಒಂದು ದಿನ ಕಳೆದರೆ ಅಲ್ಲಿನ ಒಂದು ದಿನ ಹಿಂದಿನಿಂದ ಉದುರಿಹೋಗುತ್ತದೆ. ಇವತ್ತು ಏಳುನೂರ ಮೂವತ್ತಾದರೆ ನಾಳೆ ಏಳುನೂರ ಇಪ್ಪತ್ತೊಂಬತ್ತು. ಅವರಿಗೆ ಆಗಲೇ ಹೇಳಲಿಲ್ಲ.

"ಹಳೇ ಟಿಕೆಟ್ಟುಗಳು ಮೇಲ್‌ನಲ್ಲಿ ಇವೆಯಾ?" ಅಂತ ಕೇಳಿದೆ. ಇದ್ದವು. ಕೆನಡಾದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮೊಹರು ಬೀಳುವುದಿಲ್ಲ, ಬೆಂಗಳೂರಿನಲ್ಲಿ ಇಳಿದಾಗ ಬೀಳುತ್ತದೆ. ಹಾಗಾಗಿ ಹೊರಟ ದಿನ ಯಾವುದು ಅಂತ ಟಿಕೆಟ್ಟು ನೋಡಿಯೇ ಹೇಳಬೇಕು. ಹೊರಟ ದಿನವೂ ಅಲ್ಲಿದ್ದ ದಿನವೇ. ಒಂದು ಗಳಿಗೆ ಇದ್ದರೂ ಇಡೀ ದಿನದ ಲೆಕ್ಕ. ನಾನು ಆ ದಿನಗಳನ್ನು ಬಿಟ್ಟು ಎಣಿಸಿದ್ದೆ. ಮೂರು ಸಲ ಹೊರಟಿದ್ದಳು, ಮೂರು ದಿನ ಸಿಕ್ಕವು. ಏಳುನೂರ ಮೂವತ್ತಮೂರು. ಸೋಮವಾರ ಮೂವತ್ತಮೂರು ಅಂದರೆ ಗುರುವಾರ ಸರಿಯಾಗಿ ಮೂವತ್ತು. ಶುಕ್ರವಾರ ಕೆಟ್ಟಿತು.

ಈಗ ಹೇಳಿದೆ. ಇಬ್ಬರ ಮುಖವನ್ನೂ ನೋಡುತ್ತಲೇ ಹೇಳಿದೆ. ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, "ಗುರುವಾರ ಅಂದ್ರೆ ನಾಕನೇ ದಿನ. ಆಯ್ತದಲ್ಲ ಮೇಡಂ?" ಅಂದ. "ಕಾಗದ ಬಂದರೆ ಆಗುತ್ತೆ" ಅಂದೆ. ಉದ್ದನೆಯ ಪಟ್ಟಿ ಕೊಟ್ಟೆ: ಪಾಸ್‌ಪೋರ್ಟಿನ ಪ್ರತಿ ಪುಟ, ಖಾಲಿ ಪುಟವೂ ಸೇರಿ. ಐದು ವರ್ಷದ ವಿಳಾಸಗಳು, ನಡುವೆ ಒಂದು ತಿಂಗಳೂ ಬಿಟ್ಟುಹೋಗದಂತೆ. ಅಲ್ಲಿನ ಸಂಬಳದ ಚೀಟಿ, ತೆರಿಗೆಯ ಕಾಗದ, ಮನೆ ಬಾಡಿಗೆ ಕರಾರು, ಮಗಳ ಶಾಲೆಯ ಪತ್ರ. ಇವುಗಳನ್ನು ಗಂಡ ಅಲ್ಲಿಂದ ಸ್ಕ್ಯಾನ್ ಮಾಡಿ ಕಳಿಸಬೇಕು. ಕಾರ್ಡು ಹೇಗೆ ಕಳೆಯಿತು ಅಂತ ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. ಎರಡು ಫೋಟೋ.

ಅವಳು ಫೋಟೋ ತೆಗೆಸಲು ಎದುರಿನ ಸ್ಟುಡಿಯೋಗೆ ಹೋದಾಗ ಅಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಮೇಡಂ, ಒಂದ್ ಮಾತು. ಜಮೀನಿನ ಪತ್ರಕ್ಕೆ ಸಹಿ ಹಾಕ್ಬೇಕಂದ್ರೆ ಅವ್ಳು ಇಲ್ಲೇ ಇರ್ಬೇಕಾ? ಅಲ್ಲಿಂದ ಕಳಿಸಿದ್ರೆ ನಡೀತದಾ?"

ಅಲ್ಲಿಗೆ ನನ್ನ ತಲೆಯೊಳಗೆ ಎಲ್ಲ ಕೂಡಿಬಂತು. ಅಪ್ಪ ಹೋದ. ಜಮೀನು ರಸ್ತೆಯ ಪಕ್ಕದಲ್ಲೇ ಇರಬೇಕು, ಈಗ ಹೊಸೂರಿನ ಸುತ್ತ ಯಾವ ಹೊಲ ಸೈಟಾಗದೆ ಉಳಿದಿದೆ? ತಂಗಿ ಸಹಿ ಹಾಕುವ ತನಕ ವಿಮಾನ ಹತ್ತಬಾರದು. ಕಾರ್ಡು ಇವನ ಬೀರುವಿನಲ್ಲಿದೆ. "ಅದು ಬೇರೆ ಆಫೀಸಿನ ಕೆಲಸ, ನನಗೆ ಗೊತ್ತಿಲ್ಲ" ಅಂತ ಚುಟುಕಾಗಿ ಹೇಳಿ, ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡುವ ನೆಪದಲ್ಲಿ ನನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಸಂಜೆ ಅವಳ ಕೈಗೇ ಕೊಟ್ಟು ಕಳಿಸಿದೆ.

ಮಂಗಳವಾರ ಗಂಡನ ಕಾಗದಗಳು ಬಂದವು, ಅರ್ಧಂಬರ್ಧ. ಬಾಡಿಗೆ ಕರಾರಿನ ಮೊದಲ ಪುಟ ಇದೆ, ಸಹಿಯ ಪುಟ ಇಲ್ಲ. ಸಂಬಳದ ಚೀಟಿಗಳು ತಲೆಕೆಳಗಾಗಿ ಸ್ಕ್ಯಾನ್ ಆಗಿದ್ದವು. ನಮ್ಮ ಬೆಳಗು ಅವರ ರಾತ್ರಿ, ಒಂದು ಪ್ರಶ್ನೆಗೆ ಉತ್ತರ ಬರಲು ಅರ್ಧ ದಿನ. ಅದು ಸಾಲದು ಅಂತ ಫೋಟೋ ತಪ್ಪಾಗಿತ್ತು. ಅವರಿಗೆ ಬೇಕಾದದ್ದು ಐದು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಉದ್ದ, ಹಿಂದೆ ಸ್ಟುಡಿಯೋದ ವಿಳಾಸ ಮತ್ತು ತೆಗೆದ ತಾರೀಕು. ನಮ್ಮ ಸ್ಟುಡಿಯೋದವನು ರೂಢಿಯಂತೆ ನಮ್ಮ ಪಾಸ್‌ಪೋರ್ಟಿನ ಅಳತೆಗೆ ಕತ್ತರಿಸಿ, ಮುಖ ಬೆಳ್ಳಗೆ ಮಾಡಿ, ಕೆನ್ನೆಯ ಮಚ್ಚೆಯನ್ನೂ ಅಳಿಸಿ ಕೊಟ್ಟಿದ್ದ. ಕೇಳಿದರೆ, "ಅಳಗಾ ಇರುಕ್ಕಟ್ಟುಮೇ ಅಕ್ಕಾ" ಅಂದ. ಚೆಂದ ಇರಲಿ ಅಂತ! ಮೆಷಿನ್ನು ಬೇರೆ ಕೆಟ್ಟಿದೆ, ದೊಡ್ಡ ಅಳತೆಯದು ಗುರುವಾರವೇ ಅಂದ. ನಾನು ಬೈದ ಬೈಗುಳ ಜೆರಾಕ್ಸಿನವನಿಗೂ ಕೇಳಿಸಿರಬೇಕು.

ಬುಧವಾರ ಪೊಲೀಸ್ ಚೀಟಿಯನ್ನು ಕೈಗೆತ್ತಿಕೊಂಡೆ. ಕಳೆದುಹೋದ ದಾಖಲೆಗಳಿಗೆ ವೆಬ್‌ಸೈಟಿನಲ್ಲಿ ತಾವೇ ತುಂಬಿ ತೆಗೆದುಕೊಳ್ಳುವ ಚೀಟಿ ಅದು. ಕೃಷ್ಣಗಿರಿಯಿಂದ ಹೊಸೂರಿಗೆ ಬರುವ ಬಸ್ಸಿನಲ್ಲಿ ಕಳೆಯಿತು ಅಂತ ಅಣ್ಣ ತಮಿಳಿನಲ್ಲಿ ತುಂಬಿಸಿದ್ದ. ಅವತ್ತು ತಂಗಿ ಒಬ್ಬಳೇ ಬಂದಿದ್ದಳು. ಪ್ರಮಾಣದ ಕಾಗದ ತೆರೆದು, ಸುಮ್ಮನೆ ಕೇಳುವವಳ ಹಾಗೆ ಕೇಳಿದೆ:

"ಯಾವ ಬಸ್ಸಮ್ಮ?"

"ಟೌನ್ ಬಸ್ಸಕ್ಕ. ಅವಲಪಲ್ಲಿಗೆ ಹೋಗೋದು. ನಮ್ಮ ಗೆಣತಿ ಮನೆಗೆ ಹೋಗಿದ್ದೆ."

ನಾನು ಕೀಲಿಮಣೆಯಿಂದ ಕೈ ತೆಗೆದೆ. ಕಾರ್ಡು, ಪಾಸ್‌ಪೋರ್ಟು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ನನ್ನ ಎದುರು ಕೂತಿರುವಾಗಲೂ ಅವರು ಬ್ಯಾಗಿನ ಜಿಪ್ಪು ಎಳೆದು ಎಳೆದು ನೋಡುತ್ತಾರೆ. ಮೂರು ದಿನದಲ್ಲಿ ಇವಳು ಒಂದು ಸಲವೂ ತನ್ನ ಬ್ಯಾಗು ತೆರೆದು ಹುಡುಕಿರಲಿಲ್ಲ. ಇವಳಿಗೂ ಗೊತ್ತು ಕಾರ್ಡು ಬಸ್ಸಿನಲ್ಲಿ ಇಲ್ಲ ಅಂತ. ಹಾಗಾದರೆ ಇಬ್ಬರೂ ಸೇರಿ ನನಗೆ ಸುಳ್ಳು ಹೇಳುತ್ತಿದ್ದಾರಾ? ಕಾರ್ಡನ್ನು ಬೇರೆ ಯಾರಿಗೋ ಕೊಟ್ಟಿದ್ದಾರಾ? ಅಂಥದೂ ನಡೆಯುತ್ತದೆ. ಹೋಲಿಕೆಯಿರುವ ಹೆಂಗಸೊಬ್ಬಳು ಇವಳ ಕಾರ್ಡಿನಲ್ಲಿ ಹಾರಿಹೋಗುವುದು, ಇವಳು ಹೊಸದು ಮಾಡಿಸಿಕೊಳ್ಳುವುದು. ಅಂಥದ್ದರಲ್ಲಿ ಅರ್ಜಿ ತುಂಬಿದವಳನ್ನೂ ಎಳೆದುಕೊಂಡು ಹೋಗುತ್ತಾರೆ.

"ನೋಡಮ್ಮ, ಒಂದು ಸಲ ಕಳೆದಿದೆ ಅಂತ ಇದಕ್ಕೆ ಸಹಿ ಹಾಕಿ ಕಳಿಸಿದರೆ ಆ ಕಾರ್ಡು ಸತ್ತಹಾಗೆ. ನಾಳೆ ಮನೆಯಲ್ಲಿ ಸಿಕ್ಕಿದರೂ ಪ್ರಯೋಜನ ಇಲ್ಲ. ಸಿಕ್ಕರೆ ಇವತ್ತೇ ಸಿಗಬೇಕು. ಸಿಕ್ಕಿತು ಅಂದರೆ ಈ ಅರ್ಜಿಯೂ ಬೇಡ, ದಿನದ ಲೆಕ್ಕವೂ ಬೇಡ. ಮನೆಯೆಲ್ಲ ಹುಡುಕಿದೆಯಾ?" ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ನಿಮ್ಮಣ್ಣನ ಬೀರು?"

ಅವಳೂ ಬಾಗಿಲ ಕಡೆ ನೋಡಿದಳು. ಆಮೇಲೆ ಅಂದಳು, "ನೋಡ್ದೆ ಅಕ್ಕ. ಎರಡು ಸಲ ನೋಡ್ದೆ. ಅಣ್ಣ ಹೊಲಕ್ಕೆ ಹೋದಾಗ."

ಅಷ್ಟು ಹೇಳಿ ಕಣ್ಣೊರೆಸಿಕೊಂಡು ಎದ್ದು ಹೋದಳು. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಮನೆಗೆ ಹೋದ ಮೇಲೂ ಅನ್ನ ಸೇರಲಿಲ್ಲ. ತಿಂಗಳುಗಟ್ಟಲೆ ಅಪ್ಪನ ಹೇಲು ಉಚ್ಚೆ ಬಾಚಿದ ತಂಗಿಗೆ ಇಂಥದ್ದು ಮಾಡುತ್ತಾನಲ್ಲ ಅಂತ.

ಗುರುವಾರ ಒಂಬತ್ತೂವರೆಗೇ ಇಬ್ಬರೂ ಬಂದರು. ಗಂಡ ಕಳಿಸಬೇಕಾದ್ದೆಲ್ಲ ಬಂದು ಸೇರಿತ್ತು. ಬಾಕಿ ಇದ್ದದ್ದು ಎರಡೇ, ಫೋಟೋ ಮತ್ತು ಪ್ರಮಾಣದ ಕಾಗದ. ಅವಳನ್ನು ಸ್ಟುಡಿಯೋಗೆ ಕಳಿಸಿ, ಮಚ್ಚೆ ಅಳಿಸಬೇಡ ಅಂತ ಹೇಳು ಅಂತ ಎಚ್ಚರಿಸಿ, ಅಣ್ಣನನ್ನು ಕೂರಿಸಿಕೊಂಡೆ.

"ಬಸ್ಸು ಅಂತ ನಾನು ಟೈಪ್ ಮಾಡಲ್ಲ" ಅಂದೆ.

"ಯಾಕೆ ಮೇಡಂ?"

"ನೀನು ಕೃಷ್ಣಗಿರಿ ಬಸ್ಸು ಅಂತೀಯ, ಅವಳು ಅವಲಪಲ್ಲಿ ಬಸ್ಸು ಅಂತಾಳೆ. ಒಂದು ಕಾರ್ಡು ಎರಡು ಬಸ್ಸಲ್ಲಿ ಬೀಳಲ್ಲ. ಇದು ಪ್ರಮಾಣದ ಕಾಗದ. ಸುಳ್ಳು ಅಂತ ಗೊತ್ತಾದರೆ ಅವಳ ಹಕ್ಕು ಹೋಗೋದರ ಜೊತೆಗೆ ಮುಂದೆ ಅರ್ಜಿ ಹಾಕೋಕೂ ಬಿಡದೇ ಹೋಗಬಹುದು. ಮಗಳು ಅಲ್ಲಿ, ತಾಯಿ ಇಲ್ಲಿ. ಅದನ್ನು ನನ್ನ ಕೈಯಾರೆ ಮಾಡಲ್ಲ. ಕಾರ್ಡು ನಿನ್ನ ಹತ್ತಿರ ಇದೆ. ಮನೆಗೆ ಹೋಗಿ ತಗೊಂಡು ಬಾ. ಎಲ್ಲೋ ಸಿಕ್ತು ಅಂತ ಹೇಳು, ನಾನು ಬಾಯಿ ಬಿಡಲ್ಲ."

ಹೇಳಿದೆನೇನೋ ಸರಿ, ಆದರೆ ಅದು ಕೊನೆಯ ದಿನ. ಇವನು ಹಟ ಹಿಡಿದು ಎದ್ದು ಹೋದರೆ, ಸುಳ್ಳು ಬರೆಯಲೊಲ್ಲೆ ಅಂತ ನಾನೇ ಅವಳ ದಾರಿ ಮುಚ್ಚಿದ ಹಾಗೆ.

"ನನ್ನತ್ರ ಇಲ್ಲ ಮೇಡಂ" ಅಂದ.

"ಇನ್ಯಾರ ಹತ್ರ ಐತೆ?"

ಅವನು ತಲೆ ಬಗ್ಗಿಸಿಕೊಂಡು ತನ್ನ ಕೈ ನೋಡಿಕೊಂಡ. ಐವತ್ತಕ್ಕೆ ಹತ್ತಿರವಾದ ಗಂಡಸು.

"ನಮ್ಮಪ್ಪನತ್ರ ಐತೆ" ಅಂದ.

ನನಗೆ ಅರ್ಥವಾಗಲಿಲ್ಲ. ಅವನು ತಡೆತಡೆದು ಹೇಳುತ್ತಾ ಹೋದ. ಅಪ್ಪನಿಗೆ ಎಲೆಅಡಿಕೆಯ ಸಂಚಿಯೊಂದಿತ್ತು, ಬಟ್ಟೆಯದು, ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ ಬೇರೆ ಬೇರೆ ಅರೆಗಳಿದ್ದದ್ದು. ಮಲಗಿದ ಮೇಲೆ ಅಗಿಯಲು ಆಗದಿದ್ದರೂ ಅದನ್ನು ದಿಂಬಿನ ಪಕ್ಕದಿಂದ ಕದಲಿಸಲು ಬಿಡುತ್ತಿರಲಿಲ್ಲ. ಒಂದು ದಿನ ಮಗಳ ಕಾರ್ಡು ನೋಡಬೇಕು ಅಂದಿದ್ದಾನೆ. ಅವಳು ಕೊಟ್ಟಿದ್ದಾಳೆ. ಅವನು ವಾಪಸು ಕೊಡಲಿಲ್ಲ, ಸಂಚಿಯ ಒಳಗಿನ ಅರೆಗೆ ಸೇರಿಸಿಬಿಟ್ಟ.

"ಅವ್ಳು ಅಡುಗೆ ಮನ್ಯಾಗಿದ್ಲು. ನಾನು ಕೇಳ್ದೆ, ಯಾಕಪ್ಪ ಅದು ನಿಂಗೆ ಅಂತ. ನಾನು ಹೋಗೋಗಂಟ ಇದು ನನ್ನತ್ರ ಇರ್ಲಿ ಕಣ್ಲಾ, ಇದಿದ್ರೆ ಅವ್ಳು ಹೊಂಟೋಗಾಕಿಲ್ಲ ಅಂದ. ನಾನು ಹೋದ್ಮ್ಯಾಕೆ ನೀನೇ ತೆಗ್ದು ಅವ್ಳ ಕೈಗೆ ಕೊಟ್ಬುಡು, ಮರೀಬ್ಯಾಡ ಅಂದ."

ಅವರ ಕಡೆ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುವುದು. ಎಲೆಅಡಿಕೆ ಹಾಕುವವರು ಹೋದರೆ ಸಂಚಿಯನ್ನು ಅವರ ಸೊಂಟಕ್ಕೇ ಸಿಕ್ಕಿಸಿ ಕಳಿಸುತ್ತಾರೆ. ಬಿಚ್ಚಿ ನೋಡುವುದಿಲ್ಲ. ಸತ್ತವರು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಬಿಚ್ಚಬಾರದು ಅಂತ. ಹಿರಿಯ ಮಗ ಅಂತ ಇವನೇ ತನ್ನ ಕೈಯಾರೆ ಸಿಕ್ಕಿಸಿದ್ದ. ಹನ್ನೊಂದನೆಯ ದಿನ ತಿಥಿಯ ಊಟ ಮುಗಿದ ಮೇಲೆ ತಂಗಿ, "ಅಣ್ಣ, ಅಪ್ಪನ ಸಾಮಾನಿನಾಗೆ ನನ್ನ ಕಾರ್ಡು ಐತಾ ನೋಡು" ಅಂದಾಗಲೇ ಅವನಿಗೆ ನೆನಪಾದದ್ದು.

"ಮರ್ತೋಗ್ಬುಟ್ಟೆ ಮೇಡಂ. ಒಂದೇ ಒಂದು ಮಾತು ಹೇಳಿದ್ದ ನಮ್ಮಪ್ಪ, ಅದುನ್ನೇ ಮರ್ತೋಗ್ಬುಟ್ಟೆ. ಹೆಂಗೆ ಹೇಳ್ಲಿ ಅವ್ಳಿಗೆ? ಇಲ್ಲ ಕಣಮ್ಮಿ, ಎಲ್ಲಾರ ಬಸ್ಸಲ್ಲಿ ಬಿದ್ದಿರ್ತದೆ ಅಂದ್ಬುಟ್ಟೆ."

ಬಾಗಿಲಲ್ಲಿ ನೆರಳು ಕಂಡಿತು. ಫೋಟೋದ ಕವರು ಹಿಡಿದುಕೊಂಡು ತಂಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಂತ ನಾನು ನೋಡಿರಲಿಲ್ಲ. ಮುಳ್ಳು ಬಿಟ್ಟು ಬೆರಳು ನೋಡುವವಳು ಬಾಗಿಲನ್ನೇ ನೋಡಿರಲಿಲ್ಲ.

ಅಣ್ಣ ಎದ್ದು ನಿಂತ. "ನಾನು ಅಗ್ದು ತೆಗ್ದುಕೊಡ್ತೀನಿ ಕಣಮ್ಮಿ. ಇವತ್ತೇ. ಯಾರೇನಂದ್ರೂ ಅಂದ್ಕೊಳ್ಲಿ."

"ಮುಟ್ಟುದ್ರೆ ನೋಡು!" ಅಂದಳು ಅವಳು. ಆ ಮೂರು ನಾಲ್ಕು ದಿನದಲ್ಲಿ ಅವಳ ಅಷ್ಟು ಗಟ್ಟಿ ದನಿ ಕೇಳಿದ್ದು ಆಗಲೇ. "ನಾನೇ ಕೊಟ್ಟಿದ್ದು ಅಪ್ಪಂಗೆ. ವಾಪಸ್ ಕೇಳಿದ್ರೆ ಹೊಂಟೋಗ್ತಾಳೆ ಅಂದ್ಕೊಳ್ತದೆ ಅಂತ ನಾನೇ ಕೇಳ್ಲಿಲ್ಲ. ಅಪ್ಪ ಇಟ್ಕೊಂಡಿದ್ದಕ್ಕೆ ನಂಗೇನೂ ಇಲ್ಲ. ನೀನು ಹೇಳ್ಬೇಕಾಗಿತ್ತು ಅಣ್ಣ. ಒಂದು ತಿಂಗ್ಳಾಯ್ತು. ನೀನು ತೆಗ್ದು ಬಚ್ಚಿಟ್ಟಿದ್ದೀಯ ಅಂದ್ಕೊಂಡು ನಿನ್ನ ಮನ್ಯಾಗೆ ನಿನ್ನ ಅನ್ನ ತಿನ್ತಾ ಇದ್ದೆ. ಜನದ ಮುಂದೆ ನಿನ್ನ ಕಳ್ಳ ಅನ್ನಬಾರ್ದು ಅಂತ ನಾನೂ ಬಸ್ಸು ಅಂದೆ."

ನನಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಪಡುತ್ತ ಕೂರಲು ಹೊತ್ತಿರಲಿಲ್ಲ. ಹನ್ನೊಂದು ಗಂಟೆ ಹೊಡೆದಿತ್ತು.

ಅಲ್ಲಿ ನಾನೊಂದು ತೀರ್ಮಾನ ಮಾಡಬೇಕಿತ್ತು. ಬಸ್ಸು ಅಂತ ಬರೆದರೆ ಅಧಿಕಾರಿ ಎರಡನೆಯ ಸಲ ಓದುವುದಿಲ್ಲ, ದಿನಕ್ಕೆ ನೂರು ಕಾರ್ಡು ಬಸ್ಸಿನಲ್ಲಿ ಕಳೆಯುತ್ತವೆ. ನಿಜ ಬರೆದರೆ ಕಟ್ಟುಕಥೆ ಅನ್ನಿಸಬಹುದು. ನಾನೇ ಆ ಕುರ್ಚಿಯಲ್ಲಿದ್ದರೆ ನಂಬುತ್ತಿರಲಿಲ್ಲ, ಖಂಡಿತ ನಂಬುತ್ತಿರಲಿಲ್ಲ. ದಿನದ ಲೆಕ್ಕ ಬೇರೆ ಒಂದು ದಿನವೂ ಮಿಗದಂತೆ ಇದೆ, ಅನುಮಾನ ಬಂದರೆ ಅದನ್ನೂ ಕೆದಕುತ್ತಾರೆ. ಅವಳನ್ನೇ ಕೇಳಿದೆ.

"ನಿಜಾನೇ ಬರೀರಿ ಅಕ್ಕ" ಅಂದಳು. "ಅಲ್ಲಿಗೆ ಹೋಗಿ ಮಗಳಿಗೂ ಇದನ್ನೇ ಹೇಳ್ಬೇಕಲ್ಲ. ಅದರತ್ರ ಇನ್ನೊಂದು ಸುಳ್ಳು ಬ್ಯಾಡ."

ಬರೆದೆ. ಕಾರ್ಡನ್ನು ಹಾಸಿಗೆ ಹಿಡಿದ ತಂದೆಯವರ ಕೈಗೆ ಕೊಟ್ಟಿದ್ದೆ, ಅವರು ತಮ್ಮ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡರು, ಅವರು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಆ ಚೀಲವನ್ನು ತೆರೆದು ನೋಡದೆ ಅವರೊಂದಿಗೆ ಹೂಳಲಾಯಿತು ಅಂತ. ಇಂಗ್ಲಿಷಿನಲ್ಲಿ ಐದು ಸಾಲು. ಅಣ್ಣನಿಂದ ಬೇರೆ ಒಂದು ಹೇಳಿಕೆ ಬರೆಸಿ ಸಹಿ ಹಾಕಿಸಿದೆ. ಪೊಲೀಸ್ ಚೀಟಿ ಲಗತ್ತಿಸಲಿಲ್ಲ. ಅದು ತಪ್ಪು ಅಂತ ಬರೆದುಕೊಟ್ಟು ಬಾ ಅಂತ ಅವನನ್ನು ಠಾಣೆಗೆ ಅಟ್ಟಿದೆ. ಅಪ್ಪನ ಮರಣ ಪತ್ರ, ಆಸ್ಪತ್ರೆಯ ಚೀಟಿಗಳು, ಮಗಳ ಶಾಲೆಯ ಪತ್ರ, ಟಿಕೆಟ್ಟು ಸೇರಿಸಿ, ತುರ್ತಾಗಿ ನೋಡಬೇಕೆಂದು ಇನ್ನೊಂದು ಪತ್ರ. ದಿನದ ಲೆಕ್ಕದ ಜೊತೆಗೆ ಹೊರಟ ಮೂರೂ ದಿನಗಳ ಟಿಕೆಟ್ಟು.

ಪ್ರಮಾಣದ ಕಾಗದವನ್ನು ಅವಳಿಗೆ ಒಂದೊಂದೇ ಸಾಲು ಓದಿ ಹೇಳಿದೆ. ಕೊನೆಗೆ ಒಂದು ಷರತ್ತು ಇರುತ್ತದೆ. ಕಾರ್ಡು ಮುಂದೆ ಯಾವತ್ತಾದರೂ ಸಿಕ್ಕಿದರೆ ಅದನ್ನು ಬಳಸದೆ ಅವರಿಗೆ ಹಿಂದಿರುಗಿಸುತ್ತೇನೆ ಅಂತ. ಅದನ್ನು ಓದುವಾಗ ಅವಳಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಹನಿ ಕಾಗದದ ಮೇಲೆ ಬೀಳದಂತೆ ಹಿಂದಕ್ಕೆ ಸರಿದು ಸಹಿ ಹಾಕಿದಳು.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು. ಅರ್ಧ ಗಂಟೆ ಬರಲಿಲ್ಲ. ಬಂದ ಮೇಲೆ ಫೈಲು ದೊಡ್ಡದಾಯಿತು ಅಂತ ಪೋರ್ಟಲ್ ಎರಡು ಸಲ ವಾಪಸು ಕಳಿಸಿತು. ಪಾಸ್‌ಪೋರ್ಟಿನ ಖಾಲಿ ಪುಟಗಳನ್ನು ಮತ್ತೆ ಚಿಕ್ಕದಾಗಿ ಸ್ಕ್ಯಾನ್ ಮಾಡಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ತಲುಪಿದೆ ಅನ್ನುವ ಸಾಲು ಪರದೆಯ ಮೇಲೆ ಬಂತು, ಗುರುವಾರದ ತಾರೀಕಿನೊಂದಿಗೆ. ಅದನ್ನು ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟು, ನಾನೊಂದು ಪ್ರತಿ ಇಟ್ಟುಕೊಂಡೆ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮರುವಾರದ ಶುಕ್ರವಾರದ ವಿಮಾನ ತಪ್ಪಿತು, ಟಿಕೆಟ್ಟನ್ನು ಒಂದು ವಾರ ಮುಂದಕ್ಕೆ ಹಾಕಿಸಿದರು. ಅಧಿಕಾರಿ ಒಂದು ಪ್ರಶ್ನೆ ಕಳಿಸಿದರು: ಚೀಲವನ್ನು ತೆರೆಯದೆ ಹೂಳಿದ್ದರೆ ಕಾರ್ಡು ಅದರಲ್ಲಿತ್ತು ಅಂತ ನಿಮಗೆ ಹೇಗೆ ಗೊತ್ತು? ಓದಿ ನನಗೆ ಸಿಟ್ಟು ಬರಲಿಲ್ಲ. ಅಲ್ಲಿಯೂ ನನ್ನಂಥವರೊಬ್ಬರು ಕೂತಿದ್ದಾರೆ ಅನ್ನಿಸಿತು. ಅಪ್ಪ ಹೇಳಿದ ಮಾತನ್ನು ಅಣ್ಣನ ಬಾಯಲ್ಲಿ ಹೇಗೆ ಬಂತೋ ಹಾಗೆಯೇ ಇಂಗ್ಲಿಷಿಗೆ ಇಳಿಸಿ, ಅವನ ಸಹಿಯೊಂದಿಗೆ ಕಳಿಸಿದೆ. ಮೂರನೆಯ ದಿನ ಪಾಸ್‌ಪೋರ್ಟ್ ಕಳಿಸಿ ಅಂತ ಮೇಲ್ ಬಂತು. ಅವಳು ಬೆಂಗಳೂರಿಗೆ ಹೋಗಿ ಕೊಟ್ಟು ಬಂದಳು. ವಾಪಸು ಬಂದಾಗ ಒಳಗಿನ ಪುಟದಲ್ಲಿ ಒಂದು ಸ್ಟಿಕ್ಕರ್ ಇತ್ತು, ಒಂದು ಸಲದ ಪ್ರವೇಶಕ್ಕೆ.

ಅಷ್ಟು ದಿನವೂ ಅವಳು ಅಣ್ಣನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಅಂಗಡಿಗೆ ಬಂದರೆ ಇಬ್ಬರೂ ನನ್ನ ಮುಖ ನೋಡಿಕೊಂಡೇ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದರು. ಜಮೀನಿನ ಸಹಿಯ ಬಗ್ಗೆ ಅವನು ಯಾಕೆ ಕೇಳಿದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ.

ಹೊರಡುವ ದಿನ ಮಧ್ಯಾಹ್ನ, ಏರ್‌ಪೋರ್ಟಿನ ಬಸ್ಸು ಹಿಡಿಯಲು ಹೊಸೂರಿಗೆ ಹೋಗುವ ಮುಂಚೆ ಇಬ್ಬರೂ ಅಂಗಡಿಗೆ ಬಂದರು. ಪೆಟ್ಟಿಗೆ ಅಣ್ಣನ ತಲೆಯ ಮೇಲಿತ್ತು, ಪಾಸ್‌ಪೋರ್ಟು ಅವಳ ಕೈಯಲ್ಲಿ. ಹತ್ತುವಾಗ ಏನು ತೋರಿಸಬೇಕು, ಇಳಿದ ಮೇಲೆ ಏನು ಹೇಳಬೇಕು ಅಂತ ಕೊನೆಯ ಸಲ ಹೇಳಿಕೊಟ್ಟೆ. ಅವಳು ತಲೆಯಾಡಿಸಿದಳು, ಎದ್ದಳು, ಮತ್ತೆ ಕೂತಳು.

"ಮೊದ್ಲೆಲ್ಲ ಹೊರಡೋವಾಗ ಅಪ್ಪ ಬಾಗ್ಲಾಗೆ ಅಡ್ಡ ಕೂತ್ಕೊಂಡು ಹೋಗ್ಬ್ಯಾಡ ಹೋಗ್ಬ್ಯಾಡ ಅಂತಿತ್ತಕ್ಕ. ನಂಗೆ ರೇಗೋದು" ಅಂದಳು. "ಈ ಸಲ ಹೋಗ್ಬ್ಯಾಡ ಅನ್ನೋರೇ ಯಾರೂ ಇಲ್ಲ." ಅಷ್ಟು ದಿನ ತಡೆದುಕೊಂಡದ್ದು ಆಗ ಒಡೆಯಿತು. ಮೇಜಿಗೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ.

ಅಣ್ಣ ಪೆಟ್ಟಿಗೆ ಇಳಿಸಿ ಬಾಗಿಲಿಗೆ ಬಂದು ನಿಂತ. ಈ ಸಲ ನನ್ನ ಮುಖ ನೋಡಲಿಲ್ಲ, ಅವಳನ್ನೇ ನೋಡಿದ.

"ನಾನಂತೀನಲ್ಲಮ್ಮಿ" ಅಂದ. "ಹೋಗ್ಬ್ಯಾಡ."

ಅವಳು ತಲೆ ಎತ್ತಿದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಪೆಟ್ಟಿಗೆಯನ್ನು ಮತ್ತೆ ತಲೆಗೇರಿಸಿಕೊಂಡ.

"ಅಂದಾಯ್ತಲ್ಲ. ಏಳು ಈಗ, ಮಗು ಕಾಯ್ತದೆ."